ಎಲೆಯ ಮೇಲೆ ನಿನ್ನ ತೇಪೆ

ಅಕ್ಕಾ, ಹೋಕೆಂಗ್ ಊರಿನ ಫಾಂಗ್ ಯಜಮಾನರ ಮನೆಯಲ್ಲಿ ಇವತ್ತು ಹೋಕುಯಿ ಚಹಾ ಡಬ್ಬಿಗೆ ತುಂಬುತ್ತಿದ್ದೆ. ಬಟ್ಟೆಯ ನಡುವೆ ಒತ್ತಿದ ಎಲೆಯ ಮೇಲೆ ನೇಯ್ಗೆಯ ಅಚ್ಚು ಉಳಿಯುತ್ತದಲ್ಲ, ಒಂದು ಎಲೆಯ ಮೇಲೆ ನಮ್ಮ ಮನೆಯ ಒತ್ತುವ ಬಟ್ಟೆಗೆ ನೀನು ಹಾಕಿದ ಗಂಟುಗಂಟು ತೇಪೆಯ ಅಚ್ಚೇ ಇತ್ತು! ಹುಡುಕಿದರೆ ಇನ್ನೂ ಒಂಬತ್ತು ಸಿಕ್ಕವು.

“ಇದು ಎಲ್ಲಿಂದ ಬಂತು ಯಜಮಾನ್ರೇ?” ಅಂದೆ.

“ನಮ್ ಗುಡ್ಡದ್ದೇ ಕಣಮ್ಮಾ. ನಿನ್ನ ಕರ್ಸಿದ್ದು ತುಂಬೋಕೆ, ಎಲೆ ಜಾತಕ ನೋಡೋಕಲ್ಲ” ಎಂದು ನಕ್ಕರು.

ಡಬ್ಬಿಯ ಮೇಲೆ ಹೆಚ್ಚು ಬೆಲೆ ತರುವ ಹೋಕೆಂಗ್ ಹೆಸರಿದೆ, ನಮ್ಮೂರಿನದಲ್ಲ. ಈ ಸಲದ ನಮ್ಮ ಚಹಾ ನೀನು ಯಾರಿಗೆ ಮಾರಿದೆ? ಇದೆಲ್ಲ ನಿನಗೂ ಗೊತ್ತಿತ್ತೇ?

ನನ್ನ ಬೆನ್ನುನೋವು ಕಡಿಮೆಯಾಗಿದೆ. ಉತ್ತರ ಬರೆಯಬೇಡ, ಇಲ್ಲಿಗೆ ಬರುವ ಅಂಚೆ ಕಾರ್ಡನ್ನು ಮೊದಲು ಓದುವವರು ಯಜಮಾನರೇ. ಫೋನ್ ಮಾಡು. ಆ ತೇಪೆ ಮಾತ್ರ ಬಿಚ್ಚಬೇಡ, ಚಹಾ ನಮ್ಮದೆನ್ನಲು ಇರುವ ಗುರುತು ಅದೊಂದೇ.

ನಿನ್ನ ಯಿಂಗ್