ತಾಯಂದಿರು ಗೇಟಿನ ತನಕ ಬರತಕ್ಕದ್ದು

ಮಂಗಳೂರು (ಸಮುದ್ರ ಇಲ್ಲದ್ದು, ಯಲಬುರ್ಗಾ ಕಡೆಯದು),
ಮೇ ತಿಂಗಳ ಕೊನೆಯ ಶನಿವಾರ.

ಪ್ರೀತಿಯ ಹೇಮಾವತಿಗೆ,

ಸಮಸ್ತ ಜನತೆಗೂ, ವಿಶೇಷವಾಗಿ ಕಾರಟಗಿಯ ತವರುಮನೆಯಲ್ಲಿರುವ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮೂರ ಹೈಸ್ಕೂಲು ಬರುವ ಗುರುವಾರ ಬಾಗಿಲು ತೆರೆಯಲಿದ್ದು, ಅಂದು ಮಕ್ಕಳಿಗೆ ಬಡಿಸತಕ್ಕ ಸಿಹಿ ಕೇಸರಿಬಾತೋ ಗೋಧಿ ಹುಗ್ಗಿಯೋ ಎಂಬ ಘನಗಂಭೀರ ಪ್ರಶ್ನೆಯು, ಎರಡು ಸಭೆ, ಒಂದು ಜಗಳ ಹಾಗೂ ಬಿಸಿಯೂಟದ ತಾಜಬೀಯ ಒಂದು ರಾಜೀನಾಮೆ ಬೆದರಿಕೆಯ ನಂತರ, ಹುಗ್ಗಿಯ ಪರವಾಗಿ ಇತ್ಯರ್ಥವಾಗಿದೆ. “ಕೇಸರಿಬಾತ್ ಅಂದ್ರ ಬ್ಯಾರೆಯವರ್ನ ನೋಡ್ಕೋರಿ ಸರ. ಹುಗ್ಗಿ ಅಂದ್ರ ನಸುಕಿನ್ಯಾಗ ಬಂದು ಒಲಿ ಹಚ್ತೀನಿ” ಅಂತ ಆಕೆ ಸೌಟು ಕೆಳಗಿಟ್ಟಳು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಅಲ್ಲಿಗೆ ಸಭೆ ಮುಗಿಯಿತು.

ಮೊದಲು ನಿನ್ನ ಆರೋಗ್ಯ ಕೇಳಬೇಕಿತ್ತು, ಹುಗ್ಗಿ ಅಡ್ಡ ಬಂತು. ಬಲಗೈ ರಟ್ಟೆಯ ನೋವು ಹೇಗಿದೆ? ನಮ್ಮವ್ವ ಕೊಟ್ಟ ಎಣ್ಣೆ ಹಚ್ಚುತ್ತೀಯೋ, ಶೀಶೆಯನ್ನು ಬರೀ ನೋಡುತ್ತೀಯೋ? ಫೋನ್ ಮಾಡಿದರೆ ನಿಮ್ಮಣ್ಣ ಪ್ರತಿ ಸಲವೂ “ಮಲಗ್ಯಾಳ್ರಿ” ಅನ್ನುತ್ತಾನೆ. ಕಾರಟಗಿಯಲ್ಲಿ ಹಗಲೂ ಮಲಗುವ ಪದ್ಧತಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಎರಡು ತುತ್ತು ತಿಂದು ಎದ್ದುಬಿಡುತ್ತೀಯಂತೆ. ಮದುವೆಯಾದ ಹೊಸದರಲ್ಲಿ, ಅನ್ನದ ಊರಿಂದ ನನ್ನ ತಂದು ಈ ರೊಟ್ಟಿ ಊರಾಗ ಒಗದ್ರಿ ಅಂತ ಅತ್ತವಳು ನೀನು. ಈಗ ಸುತ್ತ ಅಕ್ಕಿ ಗಿರಣಿಗಳ ನಡುವೆ ಕುಳಿತು ಅನ್ನ ಬಿಟ್ಟರೆ ಹೇಗೆ? ನಿಮ್ಮಣ್ಣ ಫೋನ್ ನಿನ್ನ ಕೈಗೆ ಕೊಡುವುದಿಲ್ಲವಾದ್ದರಿಂದ, ಅಥವಾ ಕೊಟ್ಟರೂ ನೀನು ಹಿಡಿಯುವುದಿಲ್ಲವಾದ್ದರಿಂದ, ಹಳೇ ಕಾಲದವರ ಹಾಗೆ ಕಾಗದ ಬರೆಯುತ್ತಿದ್ದೇನೆ.

ಹೆಸರು ಹಿಡಿದು ಕರೆದೆನೆಂದು ಗಾಬರಿಯಾಗಬೇಡ. ಇಷ್ಟು ವರ್ಷ ನಿನ್ನನ್ನು ದುರಗೇಶನ ಅವ್ವಾ ಅಂತಲೇ ಕೂಗಿದವನು ನಾನು. ಈ ಕಾಗದವನ್ನೂ ಹಾಗೇ ಶುರು ಮಾಡಿ, ಹೊಡೆದು ಹಾಕಿದೆ. ಓದಿದರೆ ನಿನಗೆ ಹೇಗಾದೀತೋ ಅನಿಸಿತು. ಆಮೇಲೆ ಸುಕನ್ಯಾಳ ಅವ್ವಾ ಅಂತ ಬರೆದೆ. ಅದು ನಿನ್ನ ಅರ್ಧ ಹೆಸರಾಯಿತು ಅನಿಸಿ ಅದನ್ನೂ ಹೊಡೆದೆ. ಕೊನೆಗೆ ರೇಷನ್ ಕಾರ್ಡಿನಲ್ಲಿರುವ ಹೆಸರೇ ಗತಿಯಾಯಿತು. ಮದುವೆಯಾಗಿ ಇಷ್ಟು ದಿನಕ್ಕೆ ಮೊದಲ ಸಲ ಬರೆದೆ. ಛಲೋ ಹೆಸರು ಐತಿ ಬಿಡು.

ಇನ್ನು ಎರಡನೇ ಸುದ್ದಿ. ನಿನ್ನ ಗಂಡನಿಗೆ ಪದವಿ ಬಂದಿದೆ. ಹೆಡ್‌ಮಾಸ್ತರರು ‘ಪಾಲಕರ ಪೂರ್ವಸಿದ್ಧತಾ ಸಮಿತಿ’ ಅಂತ ಒಂದನ್ನು ಹುಟ್ಟುಹಾಕಿ, ಹೈಸ್ಕೂಲಿಗೆ ಮಕ್ಕಳನ್ನು ಕಳಿಸುವ ಮನೆ ಮನೆಗೂ ಹೋಗಿ ತಂದೆತಾಯಿಗಳನ್ನು ಹೊಸ ವರ್ಷಕ್ಕೆ ಅಣಿಗೊಳಿಸುವ ಭಾರವನ್ನು ನನ್ನ ಹೆಗಲಿಗೆ ಹಾಕಿದ್ದಾರೆ. ಓದಿದವರನ್ನೆಲ್ಲ ಬಿಟ್ಟು ಟೇಲರನೇ ಯಾಕೆ ಅಂದರೆ, “ಊರಾಗಿನ ಎಲ್ಲಾ ಹುಡುಗರ ಸೊಂಟದ ಅಳತಿ ಗೊತ್ತಿರೋ ಮನುಷ್ಯಾ ನೀವೊಬ್ರ ಯಂಕೇಶಪ್ಪ. ನಿಮ್ಮ ಮುಂದ ಯಾರೂ ದೊಡ್ಡಸ್ತಿಕಿ ತೋರ್ಸಂಗಿಲ್ಲ” ಅಂದರು. ಸಮಿತಿಯಲ್ಲಿ ಅಧ್ಯಕ್ಷನೂ ನಾನೇ, ಸದಸ್ಯನೂ ನಾನೇ, ಹೋದಲ್ಲೆಲ್ಲ ಚಹಾ ಕುಡಿಯುವವನೂ ನಾನೇ. ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಹೊರಟರೆ ನಾಯಿಗಳು ಸಹ ದಾರಿ ಬಿಡುತ್ತವೆ. ನನ್ನ ಉಪದೇಶಗಳು ಹೀಗಿವೆ: ಉಗುರು ತೆಗೆಯತಕ್ಕದ್ದು. ತಲೆಯ ಮೇಲೆ ಕುಂಟಿ ಹೊಡೆದ ಹೊಲದಂತೆ ಗೆರೆ ಕೊರೆಸಿದ ಹುಡುಗರು ಅದು ಬೆಳೆಯುವ ತನಕ ಟೊಪ್ಪಿಗೆ ಹಾಕತಕ್ಕದ್ದು. ಸಮವಸ್ತ್ರದ ಬಟ್ಟೆಯನ್ನು ಸಾಲಿ ಸುರುವಾಗುವ ಹಿಂದಿನ ದಿನ ತಂದು ಟೇಲರನ ಎದೆಯ ಮೇಲೆ ಕೂರಬಾರದು. ಕೊನೆಯದು, ಎಂಟನೇ ತರಗತಿಗೆ ಹೊಸದಾಗಿ ಬರುವ ಮಕ್ಕಳನ್ನು ತಾಯಂದಿರು ಗೇಟಿನ ತನಕ ಬಂದು ಬಿಡತಕ್ಕದ್ದು.

ಈ ಕೊನೆಯದರ ಮೂಲ ಯಾರು ಅಂತ ನಿನಗೆ ಗೊತ್ತಲ್ಲ. ದುರಗೇಶ ಎಂಟನೇತ್ತಾಕ್ಕೆ ಹೋದ ದಿನ ನೀನು ಅವನ ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು ಊರ ಹೊರಗಿನ ಆ ಸಾಲಿಯ ಗೇಟಿನ ತನಕ ಓಡಿದ್ದೆ. “ಯವ್ವಾ ಬಿಡ, ಹುಡುಗ್ರು ನಗ್ತಾರ” ಅಂತ ಅವನು, “ನಗ್ಲಿ, ಹಲ್ಲು ಹೊರಗ ಬರ್ಲಿ” ಅಂತ ನೀನು. ಗೇಟಿನಲ್ಲಿ ಅವನ ಹಣೆಗೆ ದುರುಗಮ್ಮನ ಗುಡಿಯ ಭಂಡಾರ ಹಚ್ಚಿದೆ. ಮರುವರ್ಷ ಇನ್ನಷ್ಟು ತಾಯಂದಿರು ಬಂದರು. ಈಗ ಅದು ನಮ್ಮ ಸಾಲಿಯ ಪದ್ಧತಿಯೇ ಆಗಿಹೋಗಿದೆ. ತಾಜಬೀ ಕೂಡ, “ಹೇಮಕ್ಕ ಹಚ್ಚಿದ ರೂಢಿರಿ ಇದು. ನಾನೂ ನನ್ನ ಮೆಹಜಬೀನನ್ನ ಗೇಟಿನ ತನಾ ಬಿಟ್ಟ ಒಲಿ ಮುಂದ ಹೋಗ್ತೀನಿ” ಅಂದಳು. ಆಮೇಲೆ ಬೋಗುಣಿ ತಿಕ್ಕುತ್ತಾ, ನನ್ನ ಮುಖ ನೋಡದೆ, “ಅಕ್ಕ ಯಾವಾಗ ಬರ್ತಾಳ್ರಿ?” ಅಂತ ಕೇಳಿದಳು. ಸಮಿತಿಯ ಅಧ್ಯಕ್ಷರು ಚಹಾ ಬಿಸಿ ಇದೆ ಎಂದು ಊದುತ್ತಾ ಕುಳಿತರು. ಚಹಾ ಆರಿ ಎಷ್ಟೋ ಹೊತ್ತಾಗಿತ್ತು.

ಓಬಳೆಪ್ಪನ ಮನೆಯಲ್ಲಿ ನನಗೆ ದೊಡ್ಡ ಗೆಲುವು ಸಿಕ್ಕಿತು, ಅದನ್ನೂ ಕೇಳು. ಅವನ ಮಗ ನಮ್ಮ ದುರಗೇಶನ ಬೆಂಚಿನವನು, ಈಗ ಹತ್ತನೇತ್ತಾ. “ಹತ್ತನೇತ್ತಾ ಓದಿ ಏನ್ ಕಡದು ಕಟ್ಟೆ ಹಾಕ್ತಾನಪಾ? ಗಿಣಿಗೇರಾದಾಗ ನಮ್ಮ ಭಾವನ ಚಹಾದಂಗಡಿ ಐತಿ, ಫ್ಯಾಕ್ಟರಿ ಮಂದಿ ಬರ್ತಾರ, ಅಲ್ಲಿ ಬಿಡ್ತೀನಿ” ಅಂತ ಕುಳಿತಿದ್ದ. ನಾನು ಶಿಕ್ಷಣದ ಮಹತ್ವದ ಬಗ್ಗೆ ಮಾಸ್ತರರು ಕಲಿಸಿದ ಭಾಷಣ ಶುರುಮಾಡಿದೆ. ಅರ್ಧಕ್ಕೆ ಮರೆತುಹೋಯಿತು. ಆಮೇಲೆ, “ಓಬಳೆಪ್ಪಾ, ಮಗ ಮುಂಜಾನೆದ್ದು ಪಾಟಿಚೀಲ ಹೊತ್ತು ಹೋಗೋದು ನೋಡಾಕಾದ್ರೂ ಕಳಸಪಾ” ಅಂದೆ. ಅವನು ನನ್ನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. “ನೀ ಹೇಳಿದ ಮ್ಯಾಲ ನಾ ಏನ್ ಅನ್ಲಿ? ಹೋಗ್ತಾನ ಬಿಡು” ಅಂದ. ಊರೆಲ್ಲ ನನ್ನ ಭಾಷಣವನ್ನು ಹೊಗಳುತ್ತಿದೆ. ಅದು ಭಾಷಣದಿಂದ ಆದದ್ದಲ್ಲ ಅಂತ ಓಬಳೆಪ್ಪನಿಗೂ ನನಗೂ ಗೊತ್ತು.

ಹೀಗೆ ಊರನ್ನೆಲ್ಲ ಅಣಿಗೊಳಿಸಿ ಮನೆಗೆ ಬಂದರೆ, ಹೊಸ್ತಿಲ ಮೇಲೆ ಸುಕನ್ಯಾ ಕುಳಿತಿದ್ದಳು. “ಅಪ್ಪಾ, ನಮ್ಮ ಮನೀಗೆ ಸಮಿತಿ ಯಾವಾಗ ಬರ್ತೈತಿ?” ಅಂದಳು. ನಗಿಸಲು ಅಂದಳೋ, ನಿಜವಾಗಿ ಕೇಳಿದಳೋ, ನನಗೆ ತಿಳಿಯಲಿಲ್ಲ. ಅವಳಿಗೂ ಎಂಟನೇತ್ತಾ. ಅಣ್ಣನ ಸಾಲಿ, ಅಣ್ಣನ ಗೇಟು. ನಾನು ಅಧ್ಯಕ್ಷರ ಗತ್ತಿನಲ್ಲಿ ಟೇಪು ತೆಗೆದು ಅವಳ ಭುಜ ಅಳೆದೆ. “ಉಗುರು ತೋರಿಸತಕ್ಕದ್ದು” ಅಂದೆ. ತೋರಿಸಿದಳು. ಕೊನೆಯ ಉಪದೇಶ ಮಾತ್ರ ಬಾಯಿಂದ ಹೊರಡಲಿಲ್ಲ. ಬಿಟ್ಟೆನೆಂದರೆ ಅವಳು ಬಿಡಬೇಕಲ್ಲ. “ಕಡೀದು ಹೇಳಲಿಲ್ಲಲ್ಲಪ್ಪಾ” ಅಂದಳು. ನಮ್ಮವ್ವ ಒಳಗಿನಿಂದ “ನಾ ಬರ್ತೀನಿ ತಗೋ ಗೇಟಿನ ತನಾ” ಅಂತ ಕೂಗಿತು. ಅವ್ವನ ಮೊಣಕಾಲು ಬಚ್ಚಲಿನ ತನಕ ಹೋಗಿ ಬರುವುದೇ ಒಂದು ಯಾತ್ರೆ, ನಿನಗೆ ಗೊತ್ತು.

ಪಡಸಾಲೆಯ ಕಂಬಕ್ಕೆ ಅವನ ಸೈಕಲ್ಲು ಹಾಗೇ ಒರಗಿದೆ. ಸುಕನ್ಯಾ ಅದನ್ನು ಒರೆಸಿ, ಗಾಳಿ ಹೊಡೆಸೋಣ ಅಂತ ನೋಡಿದರೆ ಹಿಂದಿನ ಗಾಲಿಗೆ ಬೀಗ. ನೀನೇ ಹಾಕಿದ್ದು. ಕೀಲಿಕೈ ನಿನ್ನ ತಾಳಿಯ ಪಿನ್ನಿಗೆ ಸಿಗಿಸಿಕೊಂಡದ್ದನ್ನು ನೀನು ತವರಿಗೆ ಹೊರಟ ದಿನ ನಾನು ನೋಡಿದ್ದೆ. ಸುತ್ತಿಗೆಯ ಒಂದೇ ಪೆಟ್ಟು ಸಾಕು, ಆ ಬೀಗ ಬಾಯಿ ಬಿಡುತ್ತದೆ. ಸುತ್ತಿಗೆ ತಂದೂ ಇದ್ದೆ. ಸುಕನ್ಯಾ ಗಾಲಿಗೆ ಅಡ್ಡ ಕುಳಿತುಬಿಟ್ಟಳು. “ಅವ್ವ ಹಾಕಿದ ಕೀಲಿ ಅವ್ವನ ತಗೀಬೇಕು” ಅಂದಳು. ಥೇಟ್ ನಿನ್ನದೇ ಹಟ. ಹೊಸ ಸೈಕಲ್ಲು ಕೊಡಿಸುತ್ತೇನೆಂದರೆ, ಬೇಡ, ಅಣ್ಣ ಇದನ್ನು ನನಗೇ ಅಂತ ಹೇಳಿದ್ದ, ಅನ್ನುತ್ತಾಳೆ. ಹೇಳಿದ್ದನೋ ಇಲ್ಲವೋ, ಕೇಳಲು ಈಗ ಯಾರಿದ್ದಾರೆ?

ಒಂದು ಮಾತು ಹೇಳಬಾರದು ಅಂದುಕೊಂಡಿದ್ದೆ, ಆದರೆ ನಿನಗಲ್ಲದೆ ಇನ್ಯಾರಿಗೆ ಹೇಳಲಿ. ಹತ್ತನೇತ್ತಾ ಹುಡುಗರ ಪ್ಯಾಂಟಿಗೆ ಅಂತ ಗಂಗಾವತಿಯಿಂದ ನೀಲಿ ಬಟ್ಟೆಯ ಒಂದಿಡೀ ಥಾನು ತಂದಿದ್ದೆ. ಒಂದೇ ಬೈಠಕ್ಕಿಗೆ ಎಲ್ಲ ಕತ್ತರಿಸಿ ಹೊಲಿದೆ. ಹುಡುಗರು ಬಂದು ಒಬ್ಬೊಬ್ಬರೇ ಒಯ್ದರು. ಒಂದು ಪ್ಯಾಂಟು ಉಳಿಯಿತು. ಇದು ಯಾರದಪ್ಪಾ ಅಂತ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಹರಡಿ ನೋಡಿದೆ. ಸೊಂಟ ಸಣ್ಣ, ಕಾಲು ಉದ್ದ. ಕೆಳಗೆ ಮಡಿಕೆಯಲ್ಲಿ ಎರಡಿಂಚು ಬಟ್ಟೆ ಹೆಚ್ಚು ಬಿಟ್ಟಿದೆ, ಬೆಳೆಯುವ ಹುಡುಗ ಅಂತ. ಹಾಗೆ ನಾನು ಒಬ್ಬನಿಗೆ ಮಾತ್ರ ಬಿಡುತ್ತಿದ್ದೆ. ನೀನೇ ಹೇಳುತ್ತಿದ್ದೆ, “ಬಟ್ಟಿ ಬಿಡ್ರಿ ಕೆಳಗ, ವರ್ಸದಾಗ ನಿಮ್ಮ ಮೀಸಿಗೆ ಬರ್ತಾನ” ಅಂತ. ಕೈಗೆ ಯಾರೂ ಸುದ್ದಿ ಹೇಳಿರಲಿಲ್ಲ ಹೇಮಾವತಿ. ಹೊಲಿಗೆ ಬಿಚ್ಚೋಣ ಅಂತ ಕತ್ತರಿ ಹಿಡಿದೆ. ಆಗಲಿಲ್ಲ. ಇಸ್ತ್ರಿ ಮಾಡಿ ಕಪಾಟಿನಲ್ಲಿ ಇಟ್ಟಿದ್ದೇನೆ.

ದಿನಾ ಸಂಜೆ ನೀನು ಕಾಲುವೆಯ ದಂಡೆಗೆ ಹೋಗಿ ಕೂರುತ್ತೀಯಂತೆ. ಕೂರಬೇಡ ಅನ್ನಲು ನಾನ್ಯಾರು. ನಮ್ಮ ಕಡೆಯ ಹುಡುಗರಿಗೆ ನೀರೆಂದರೆ ನಳದಲ್ಲಿ ಬರುವುದು. ಹೋದ ದಸರಾ ರಜೆಗೆ ಅಜ್ಜಿ ಮನೆಗೆ ಬಂದವನಿಗೆ ಆ ತುಂಬಿದ ಕಾಲುವೆ, ಇಳಿದು ಆ ಕಡೆ ಹತ್ತಬಹುದಾದ ರಸ್ತೆಯಂತೆ ಕಂಡಿರಬೇಕು. ಅವನನ್ನು ಕಳಿಸಿದವಳು ನಾನು ಅಂತ ನೀನು ಅಂದುಕೊಳ್ಳುತ್ತೀಯಂತೆ. ಬಸ್ಸು ಹತ್ತಿಸಿ ಕೈ ಬೀಸಿದವನು ನಾನು. ಇಬ್ಬರಲ್ಲಿ ಯಾರ ಪಾಲು ಎಷ್ಟು ಅಂತ ಹರಿದು ಹಂಚಿಕೊಳ್ಳುವುದಾದರೆ, ಒಂದೇ ಮನೆಯಲ್ಲಿ ಕುಳಿತು ಹಂಚಿಕೊಳ್ಳೋಣ. ಈಗ ಕಾಲುವೆಗೆ ನೀರು ಬಂದ್ ಆಗಿ, ಅದರ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ ಅಂತ ನಿಮ್ಮಣ್ಣ ಅಂದ. ಅಲ್ಲಿ ಅವನು ಇಲ್ಲ ಹೇಮಾವತಿ. ಇಲ್ಲೂ ಇಲ್ಲ. ಆದರೆ ಇಲ್ಲಿ ಸೈಕಲ್ಲಿದೆ, ಅದರ ಪಕ್ಕ ಒಬ್ಬಳು ಕುಳಿತಿದ್ದಾಳೆ.

ನಮ್ಮವ್ವ ನಿನಗೆ ಹೊಟ್ಟೆ ತುಂಬ ಉಣ್ಣಲು ಹೇಳಿತು, ದುರುಗಮ್ಮನಿಗೆ ನಿನ್ನ ಹೆಸರಲ್ಲಿ ದೀಪವನ್ನೂ ಹಚ್ಚಿತು. ಸುಕನ್ಯಾ ಏನು ಬರೆಯಲಿ ಅಂತ ಕೇಳಿದರೆ ಏನೂ ಬೇಡ ಅಂದಳು. ನಿಮ್ಮ ಅಪ್ಪ ಅವ್ವನಿಗೆ ನನ್ನ ನಮಸ್ಕಾರ ಹೇಳು. ಮೊಮ್ಮಗನ ವಿಷಯದಲ್ಲಿ ಅವರ ಮೇಲೆ ನನಗೆ ಸಿಟ್ಟಿಲ್ಲ ಅಂತಲೂ ಹೇಳು, ಅವರು ಕೇಳದಿದ್ದರೂ ಹೇಳು.

ನಿನ್ನ ದಾರಿ ನೋಡುತ್ತಿರುವ,
ದುರಗೇಶನ ಮತ್ತು ಸುಕನ್ಯಾಳ ಅಪ್ಪ

ತಾ.ಕ.: ಕಾರಟಗಿ ಬಸ್ಸಿನ ಕಂಡಕ್ಟರ್ ಅಮರಪ್ಪ ಹಾರ್ನ್ ಮ್ಯಾಲ ಹಾರ್ನ್ ಹೊಡಸಾಕ ಹತ್ಯಾನ, ಈ ಕಾಗದ ಅವನ ಕೈಯಾಗ ಕೊಡ್ಬೇಕು, ಅದಕ್ಕ ಲಗೂನ ಬರೀತೀನಿ. ಗುರುವಾರದೊಳಗ ಸೈಕಲ್ ಕೀಲಿಕೈ ಬೇಕು. ಬಟ್ಟ್ಯಾಗ ಕಟ್ಟಿ ಅಮರಪ್ಪನ ಕೈಯಾಗ ಕೊಟ್ರ ಮುಟ್ಟಸ್ತಾನ, ನಂಬಿಗಸ್ತ ಅದಾನ. ಆದ್ರ ಅಂವಗ ಚಹಾಕ್ಕ ಏನರ ಕೊಡಬೇಕಾಕ್ಕೈತಿ. ನೀನ ತಗೊಂಡು ಬಂದ್ರ ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತಿ. ಬರುವಾಗ ಆಧಾರ್ ಕಾರ್ಡ್ ಅಷ್ಟ ಮರೀಬ್ಯಾಡ.