ಕೌದಿಯ ಮೇಲಿನ ದಾರಿ

ಶ್ರೀ ಗುರುಬಸವಲಿಂಗಾಯ ನಮಃ

ಹುಲಕೋಟಿ
೧೪ ಮೇ ೨೦೨೫

ಚಿ. ಸೌ. ತಂಗಿ ನೀಲವ್ವಳಿಗೆ ಅಕ್ಕನ ತುಂಬು ಮನಸ್ಸಿನ ಆಶೀರ್ವಾದ.

ಶಿವನ ದಯದಿಂದ ಇಲ್ಲಿ ನಾವು ಚೆನ್ನಾಗಿದ್ದೇವೆ. ಶಿರಹಟ್ಟಿಯಲ್ಲಿ ನೀನೂ ನಿನ್ನ ಯಜಮಾನರೂ ಹುಡುಗರೂ ಫಕೀರೇಶ್ವರನ ನೆರಳಿನಲ್ಲಿ ಸುಖವಾಗಿದ್ದೀರೆಂದು ತಿಳಿದಿದ್ದೇನೆ. ಯುಗಾದಿಗೆ ಬಂದಾಗ ನೀನು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಅಕ್ಕಾ, ಅಂಕಿತಾನ್ನ ಈ ವರ್ಷ ನಮ್ಮೂರ ಸಾಲ್ಯಾಗ ಒಂದನೇತ್ತಕ್ಕ ಹೆಸರ ಹಚ್ಚತೇವಬೇ, ಕಳಸಿಕೊಡು" ಎಂದು ಕೇಳಿದೆ. "ತಡಿ, ಹೇಳತೇನಿ" ಎಂದವಳು ಇಷ್ಟು ದಿನ ಸುಮ್ಮನಿದ್ದೆ. ಸಿಟ್ಟಾಗಬೇಡ. ಫೋನು ಕೈಗೆ ತೆಗೆದುಕೊಂಡರೆ ನಂಬರು ಒತ್ತದೆ ಹಾಗೇ ಇಟ್ಟುಬಿಡುತ್ತೇನೆ. ಕಾಗದವಾದರೆ ನಡುವೆ ಎದ್ದು ಹೋಗಿ ಮೋರೆ ತೊಳೆದುಕೊಂಡು ಬಂದು ಮತ್ತೆ ಬರೆಯಬಹುದು.

ನೀನು ಹೆರಿಗೆಯಾಗಿ ಹಾಸಿಗೆ ಹಿಡಿದಾಗ ನಾನು ಎತ್ತಿಕೊಂಡು ಬಂದ ಕೂಸು ಅದು. ನೀನು ಗುಣವಾಗುವವರೆಗೆ ಅಂತ ತಂದದ್ದು. ನನಗೋ ಮಕ್ಕಳಿಲ್ಲ. ನೀನೂ ಕೇಳಲಿಲ್ಲ, ನಾನೂ ಕೊಡಲಿಲ್ಲ, ವರ್ಷಗಳು ಹೋದವು. ಹೆತ್ತವಳು ನೀನೆಂಬುದನ್ನು ಅವಳಿಂದ ಮುಚ್ಚಿಟ್ಟಿಲ್ಲ. ಆದರೂ ಅವಳ ಬಾಯಲ್ಲಿ ನಾನು ಅವ್ವ, ನೀನು ಚಿಗವ್ವ.

ಕಳಿಸಬೇಕೆಂಬುದು ಖರೆ. ಆದರೆ ಇನ್ನು ಆ ಮನೆಯೇ ನಿನ್ನ ಮನೆ ಎಂದು ಆ ಕೂಸಿಗೆ ಯಾವ ಬಾಯಿಂದ ಹೇಳಲಿ? ಪೂಜೆಗೆ ಕೂತಾಗ ಬಸವಣ್ಣನನ್ನೇ ಕೇಳಿದೆ. ಮರುದಿನ ಕೌದಿ ಹೊಲಿಯಲೆಂದು ಹಳೆ ಸೀರೆ ಹರಿಯುತ್ತಿದ್ದೆ. ಅಂಕಿತಾ ಮತ್ತು ಪಕ್ಕದ ಮನೆ ದಿಲಶಾದಬಿಯ ಮೊಮ್ಮಗ ತೌಹೀದ ಕಟ್ಟೆಯ ಮೇಲೆ ಚೌಕಾಬಾರ ಆಡುತ್ತ ಜಗಳಕ್ಕೆ ಬಿದ್ದರು. ಒಬ್ಬರ ಕಾಯಿಯನ್ನು ಇನ್ನೊಬ್ಬರು ಹೊಡೆದರೆ ಆಯಿತು, ಅಳುವೇ ಅಳು. ಆಗ ನನಗೆ ಹೊಳೆಯಿತು. ಯಾರೂ ಯಾರನ್ನೂ ಹೊಡೆಯದಂಥ, ಸಣ್ಣವರಿಗೆ ತಿಳಿಯುವಂಥ ಆಟವೊಂದನ್ನು ಕೌದಿಯ ಮೇಲೇ ಹೊಲಿದರೆ ಹೇಗೆ? ನಮ್ಮ ಮನೆಯಿಂದ ನಿನ್ನ ಮನೆಗೆ ಹೋಗುವ ದಾರಿ. ಆಡುತ್ತ ಆಡುತ್ತ ಅವಳಿಗೆ ಅದು ರೂಢಿಯಾಗಲಿ ಎಂದು.

ಈ ತುದಿಗೆ ನಮ್ಮ ಬಾಗಿಲು, ಅವಳನ್ನು ಸುತ್ತಿ ತಂದ ಹಸಿರು ಸೀರೆಯ ತುಂಡು. ಆ ತುದಿಗೆ ನಿನ್ನ ಬಾಗಿಲು, ಇಲ್ಲೇ ಉಳಿದಿದ್ದ ನಿನ್ನ ಹಳೆಯ ಖಣದ ಕುಬಸದ್ದು. ನಡುವೆ ಹೊರಳಿ ಹೊರಳಿ ಹೋಗುವ ತುಂಡುಗಳ ಸಾಲು. ಕಪ್ಪು ತುಂಡು ಎರಿ ಹೊಲ, ಅಲ್ಲಿ ಕಾಲು ಕೆಸರಿಗೆ ಸಿಕ್ಕಿದಂತೆ, ಒಂದು ಸರದಿ ಸುಮ್ಮನೆ ಕೂಡಬೇಕು. ಕೆಂಪು ತುಂಡು ಬಂದರೆ ಬಸ್ಸು ಸಿಕ್ಕಿದಂತೆ, ಮುಂದಿನ ಕೆಂಪಿಗೆ ಹಾರುವುದು. ಗದಗಿನ ಬಸ್‌ಸ್ಟ್ಯಾಂಡು ಒಂದು ದೊಡ್ಡ ಹಳದಿ ಚೌಕ, ಅಲ್ಲಿ ಎಲ್ಲರೂ ಕೂಡಿ ನಿಲ್ಲಬಹುದು. ಕಾಯಿಗೆ ಬಳೆಚೂರು ಇಟ್ಟರೆ ಚುಚ್ಚುತ್ತದೆಂದು ಒಬ್ಬರಿಗೊಂದರಂತೆ ಹತ್ತಿ ತುಂಬಿದ ಪುಟ್ಟ ಗಂಟು ಕಟ್ಟಿದೆ. ಹುಣಸೆ ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದೆ. ಚೆಲ್ಲಿದಾಗ ಎಷ್ಟು ಬಿಳಿ ಕಂಡವೋ ಅಷ್ಟು ಮನೆ ನಡೆಯುವುದು. ನಿನ್ನ ಬಾಗಿಲು ಮುಟ್ಟಿದವರು ಗೆದ್ದರು.

ನಮ್ಮ ಮನೆಯವರು ನೋಡಿ, "ಅಲ್ಲಾ, ಇದನ್ನ ಹಾಸಿದ್ರ ನಾ ಎಲ್ಲಿ ಮಲಕೊಳ್ಳಲಿ? ಗದಗ ಬಸ್‌ಸ್ಟ್ಯಾಂಡಿನ್ಯಾಗೇನು?" ಎಂದರು.

"ಮಲಕೋರಿ, ಹುಡುಗರು ನಿಮ್ಮನ್ನ ದಾಟಿಕೊಂಡ ಹೋಗತಾವ" ಎಂದೆ.

ನಿನ್ನೆ ಸಂಜೆ ಅದನ್ನು ಪಡಸಾಲೆಯಲ್ಲಿ ಹಾಸಿದೆ. ಅಂಚಿನ ಹೊಲಿಗೆ ಉಳಿದಿತ್ತು, ನಾನು ಸೂಜಿ ಹಿಡಿದುಕೊಂಡೇ ಪಕ್ಕದಲ್ಲಿ ಕೂತೆ. ತೌಹೀದನ ಗಂಟು ಮತ್ತೆ ಮತ್ತೆ ಎರಿ ಹೊಲಕ್ಕೇ ಬಿತ್ತು. "ನಿಮ್ಮವ್ವ ಕೆಸರೆಲ್ಲಾ ನನ್ನ ಸಲುವಾಗೇ ಹೊಲದಾಳ!" ಎಂದು ಗೊಣಗಿದ. ಅಂಕಿತಾಳ ಗಂಟು ಮುಂದೆ ಮುಂದೆ ಹೋಗಿ ನಿನ್ನ ಬಾಗಿಲು ಮುಟ್ಟಿತು.

"ಗೆದ್ದೆಲ್ಲ ಮಗಳ, ಚಿಗವ್ವನ ಮನಿ ಮುಟ್ಟಿದಿ. ಆಟ ಮುಗೀತು" ಎಂದೆ.

ಅವಳು ಬೀಜಗಳನ್ನು ಮತ್ತೆ ಬೊಗಸೆಗೆ ತುಂಬಿಕೊಂಡಳು. "ಎಲ್ಲಿ ಮುಗೀತಬೇ? ಹೋದಾಕಿ ತಿರುಗಿ ಬರಬೇಕಲ್ಲಾ?"

"ಏ, ಗೆದ್ದಾರು ಮತ್ತ ಆಡಂಗಿಲ್ಲ!" ತೌಹೀದ ಅವಳ ಕೈ ಹಿಡಿದ.

"ಹುಚ್ಚ ಅದೀ ಏನಲೇ? ನಾ ಅಲ್ಲೇ ಕುಂತ್ರ ನಿನ್ನ ಕೆಸರಿನ್ಯಾಗಿಂದ ಯಾರು ಎಬ್ಬಸೋರು? ಶಿರಹಟ್ಟಿ ಬಸ್ಸು ತಿರುಗಿ ಬರಂಗಿಲ್ಲೇನು?"

ಹಾಗೆಂದು ಗಂಟನ್ನು ತಿರುಗಿಸಿ ನಡೆಸಿಯೇ ಬಿಟ್ಟಳು. ಕಪ್ಪು ತುಂಡಿನ ಹತ್ತಿರ ಬಂದಾಗ ತೌಹೀದನ ಗಂಟನ್ನೂ ಎತ್ತಿ ತನ್ನ ಜೊತೆ ಇಟ್ಟುಕೊಂಡಳು. ಅಂಥ ನಿಯಮ ನಾನು ಮಾಡಿಯೇ ಇರಲಿಲ್ಲ.

ನೀಲವ್ವಾ, ನನ್ನ ಕೈಯ ಸೂಜಿ ಅಲ್ಲೇ ನಿಂತಿತು. ಆ ದಾರಿಯನ್ನು ತುಂಡು ತುಂಡು ಕೂಡಿಸಿ ಹೊಲಿದವಳು ನಾನು. ಅದು ಈ ಕಡೆಗೂ ಬರುತ್ತದೆಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾರು ಹೇಳಿಕೊಟ್ಟರು ಅವಳಿಗೆ? ಜಗಲಿಯ ಮೇಲಿನ ದೇವರಿಗೆ ಮಾಡುವ ನಮಸ್ಕಾರವನ್ನು ಅವಳಿಗೇ ಮಾಡೋಣವೆನಿಸಿತು. ಬಸವಣ್ಣನನ್ನು ಕೇಳಿದ್ದೆನಲ್ಲ, ಉತ್ತರ ಹಾಲುಹಲ್ಲು ಬಿದ್ದ ಬಾಯಿಂದ ಬಂತು.

ತೌಹೀದ ಮನೆಗೆ ಹೋದ ಕೂಡಲೇ ಅವಳನ್ನು ಮಡಿಲಿಗೆ ಎಳೆದುಕೊಂಡು, ಶಿರಹಟ್ಟಿಗೆ ಕಳಿಸುವುದನ್ನೆಲ್ಲ ಹೇಳಿದೆ. ಕೌದಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಕೌದಿ ಯಾರ ಮನ್ಯಾಗ ಇರತೈತಿ?" ಎಂದು ಕೇಳಿದಳು.

"ನೀ ಇದ್ದಲ್ಲಿ."

"ಹಂಗಾರ ದೀಪಾವಳಿಗೆ ಹೊತಗೊಂಡ ಬರತೇನಿ. ತೌಹೀದಗ ಹೇಳಿ ಇಡು."

ಬರುವ ಸೋಮವಾರ ನಾನೇ ಕರೆದುಕೊಂಡು ಬರುತ್ತೇನೆ. ಕೌದಿಯ ಒಂದು ಮೂಲೆ ಹೊಲಿಯದೆ ಬಿಟ್ಟಿದ್ದೇನೆ. ಕೌದಿ ಹಸಿದಿರಬಾರದೆಂದು ನಮ್ಮವ್ವ ಕಡೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಿದ್ದಳಲ್ಲ, ಆ ರೊಟ್ಟಿ ನಿನ್ನ ಒಲೆಯದಾಗಲಿ. ನೀನೇ ಇಟ್ಟು ಹೊಲಿ.

ನಿನ್ನ ಮನೆ ತುಂಬಿರಲಿ. ಮೂರೂ ಮಕ್ಕಳನ್ನು ಗುರು ಕಾಯಲಿ.

ನಿನ್ನ ಅಕ್ಕ
ಅನ್ನಪೂರ್ಣವ್ವ

ತಾ.ಕ.: ಇವತ್ತು ಮುಂಜಾನೆ ನಾನೇ ಅವಳಿಗೆ ಕಲಿಸಿದೆ, ಇನ್ನು ಚಿಗವ್ವನಿಗೆ ಅವ್ವ ಅನ್ನಬೇಕು, ನನಗೆ ದೊಡ್ಡವ್ವ ಅನ್ನಬೇಕು ಎಂದು. "ಆತು" ಎಂದಳು. ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಒಳಗಿನಿಂದ "ದೊಡ್ಡವ್ವಾ" ಎಂದು ಕೂಗಿದಳು. ಕೇಳಿಸಿತು. ಓ ಎನ್ನಲು ಬಾಯಿ ಬರಲಿಲ್ಲ. ಕೂಗಿ ಕೂಗಿ ಕಡೆಗೆ "ಅವ್ವಾ" ಎಂದಳು. ಒದ್ದೆ ಕೈಯಲ್ಲೇ ಓಡಿದೆ. ನೀಲವ್ವಾ, ಅವಳು ಮೊದಲ ಸಲ ನಿನ್ನನ್ನು ಅವ್ವ ಎಂದು ಕೂಗಿದಾಗ ಕೈಯಲ್ಲಿ ಏನೇ ಕೆಲಸವಿರಲಿ, ಕೂಸನ್ನು ಕಾಯಿಸಬೇಡ. ಜಲ್ದಿ ಓ ಅನ್ನು.