ಮೊದಲ ಕೊಡ

ಎಮ್ಮಿಗುಂಡಾಳ, ಕಕ್ಕೇರಾ ಹತ್ತಿರ
ಆಗಸ್ಟ್ ೧೯, ಸಂಜೆ ಆರೂವರೆ

ಪ್ರೀತಿಯ ಸಾವಿತ್ರಿಗೆ,

ಬೆಳಿಗ್ಗೆ ಏಳರಿಂದ ನಾಲ್ಕರ ತನಕ ನಮ್ಮ ಓಣಿಯ ಗಟಾರದಲ್ಲೇ ನಿಂತಿದ್ದೆ. ಮೂರು ಸಲ ಸಾಬೂನು ಹಚ್ಚಿ ತೊಳೆದರೂ ಕೈಯ ವಾಸನೆ ಹೋಗಿಲ್ಲ. ಆ ಕೈಯಿಂದಲೇ ಬರೆಯುತ್ತಿದ್ದೇನೆ. ನೀನು ಹೇಗಿದ್ದೀ? ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿದೆ, ಜ್ವರವೂ ಬಂದಿದೆ ಎಂದು ನಿನ್ನ ಅವ್ವ ಫೋನಿನಲ್ಲಿ ಹೇಳಿದರು. ಸಗರದ ನಿನ್ನ ತವರಿನಿಂದ ಶಹಾಪುರ ದೂರವಲ್ಲ, ತಮ್ಮನನ್ನು ಕರೆದುಕೊಂಡು ದವಾಖಾನೆಗೆ ಹೋಗಿ ಬಾ, ನಾಚಿಕೆ ಮಾಡಬೇಡ. ಫೋನಿನಲ್ಲೇ ಎಲ್ಲ ಹೇಳಬಹುದಿತ್ತು. ಆದರೆ ಅಲ್ಲಿ ನೀನು ಸುಮ್ಮನಿರುತ್ತೀ, ಇಲ್ಲಿ ನಾನು ಸುಮ್ಮನಿರುತ್ತೇನೆ, ಆಮೇಲೆ ಇಬ್ಬರೂ ಇಟ್ಟುಬಿಡುತ್ತೇವೆ. ಅದಕ್ಕೇ ನೀರು ಬಿಟ್ಟ ಹೊತ್ತನ್ನು ಬರೆದಿಡುವ ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ. ಇನ್ನು ಆ ನೋಟ್‌ಬುಕ್ಕಿಗೆ ಬೇರೆ ಕೆಲಸವೂ ಇಲ್ಲ.

ಮೊದಲು ಹದಿಮೂರನೇ ತಾರೀಖಿನ ಮಾತು. ನಮ್ಮ ಕೂಸು ಯಶು ತೀರಿಹೋಗಿ ಐದು ದಿನವಾಗಿತ್ತು, ಬೀಗರು ಕೂತಿದ್ದರು. ಅವರೆಲ್ಲರ ಮುಂದೆ ನನ್ನ ಅವ್ವ, 'ಹತ್ತಿ ಬಿಡಿಸಾಕ ಹೋಗಿ ಕೂಸಿಗಿ ಬಾಟ್ಲಿ ಹಾಲು ರೂಢಿ ಮಾಡಿದಳ್ರಿ. ಬಾಟ್ಲಿ ತೊಳ್ಯಾಕೂ ಇಕಿಗಿ ಕೈ ಬರಲಿಲ್ಲ' ಎಂದಳು. ನೀನು ನನ್ನ ಕಡೆ ತಿರುಗಿ, 'ನೀವರೆ ಹೇಳ್ರಿ, ನಾ ತೊಳೀತಿದ್ದಿಲ್ಲೇನು?' ಎಂದೆ. ನಾನು ನೆಲ ನೋಡಿದೆ. ನೀನು ಒಳಗೆ ಹೋಗಿ ಚೀಲ ತುಂಬಿಕೊಂಡು ಹೊರಟೆ. ಈಗ ಬರೆಯುತ್ತೇನೆ: ನೀನು ತೊಳೆಯುತ್ತಿದ್ದೆ. ದಿನಕ್ಕೆ ಎರಡು ಸಲ, ಬೂದಿ ಹಚ್ಚಿ, ಆ ಸಣ್ಣ ಕುಂಚದಿಂದ ತಳದವರೆಗೂ ಉಜ್ಜುತ್ತಿದ್ದೆ. ಯಾವ ನೀರಿನಿಂದ ತೊಳೆದೆ ಎಂಬುದೇ ತಪ್ಪಾದದ್ದು. ಆ ನೀರು ತಂದುಕೊಟ್ಟವನು ನಾನು.

ನಮ್ಮ ಮನೆಯ ಹೆಮ್ಮೆ ನಿನಗೆ ಗೊತ್ತಲ್ಲ. ಊರಿಗೆ ನೀರು ಬಿಡುವವನ ಹೆಂಡತಿ ನೀನು, ಓಣಿಯಲ್ಲಿ ಮೊದಲ ಕೊಡ ನಿನ್ನದೇ. ಮೂಲೆಯಲ್ಲಿ ನಾನು ವಾಲ್ವ್ ತಿರುಗಿಸಿ 'ಬಂತೇನ?' ಎಂದು ಕೂಗುತ್ತಿದ್ದೆ. ಬಾಗಿಲ ಮುಂದಿನ ನಳದ ಗುಂಡಿಯಲ್ಲಿ ಮೊಣಕಾಲೂರಿ ಕೂತ ನೀನು 'ಬಂತ್ರೀ!' ಎನ್ನುತ್ತಿದ್ದೆ. ಆಮೇಲೆಯೇ ಉಳಿದವರ ಕೊಡ. ನಮ್ಮ ಓಣಿಯ ಭಾಗಣ್ಣನ ಹೆಂಡತಿ, 'ಸಾಹೇಬ್ರ ಮನ್ಯಾಗ ತುಂಬಿತೇನ್ರಿ? ನಾವೂ ಹಿಡೀಬೇಕೇನ್ರಿ?' ಎಂದು ಚಾಷ್ಟಿ ಮಾಡುತ್ತಿದ್ದಳು. ನೀನು ನಗುತ್ತಿದ್ದೆ. ಆ ಮೊದಲ ಕೊಡವನ್ನು ಬಟ್ಟೆಯಲ್ಲಿ ಸೋಸಿ, ಕೂಸಿನ ನೀರು ಎಂದು ಬೇರೆ ಇಡುತ್ತಿದ್ದೆ. ತಾಜಾ ನೀರು ಕೂಸಿಗಿರಲಿ ಎಂದು.

ಭಾಗಣ್ಣನ ಮಗನಿಗೂ ಹದಿನೇಳರಂದು ವಾಂತಿಭೇದಿ ಶುರುವಾಯಿತು. ಸುರಪುರದ ದವಾಖಾನೆಯಲ್ಲಿ ಸಲೈನ್ ಹಚ್ಚಿದ್ದಾರೆ, ಉಳಿದುಕೊಂಡಿದ್ದಾನೆ. ಭಾಗಣ್ಣ ನಿನ್ನೆ ಊರಿಗೆ ಬಂದವನು ಮನೆಗೂ ಹೋಗದೆ ನೇರ ನನ್ನ ಹತ್ತಿರ ಬಂದ. 'ಶ್ರೀಮಂತಣ್ಣ, ನೀರು ಹ್ಯಾಂಗದ? ಖರೇ ಹೇಳು' ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಂದು ಇಬ್ಬರೂ ಸಲಿಕೆ ಹಿಡಿದು ಗಟಾರ ತೋಡಿದೆವು. ಮೇಲಿನ ಓಣಿಗಳ ಪೈಪು ರಸ್ತೆಯ ಆ ಬದಿಗೆ ಒಣ ಮಣ್ಣಿನಲ್ಲಿದೆ. ನಮ್ಮದನ್ನು ಮಾತ್ರ ಗಟಾರದ ಹೊಟ್ಟೆಯಲ್ಲೇ ಹಾಕಿದ್ದಾರೆ. ಇಡೀ ಊರಿನ ಹೊಲಸು ಇಳಿಯುವುದು ನಮ್ಮ ಓಣಿಗೆ, ಅದರಲ್ಲೇ ನಮ್ಮ ಕುಡಿಯುವ ನೀರಿನ ಪೈಪು. ಹಾಕಿದವರಿಗೆ ಕಣ್ಣಿರಲಿಲ್ಲ ಎನ್ನಲಾರೆ. ಓಣಿ ಯಾರದೆಂದು ನೋಡಿಯೇ ಹಾಕಿದ್ದಾರೆ.

ಅಷ್ಟೇ ಆಗಿದ್ದರೆ ಸಿಟ್ಟನ್ನೆಲ್ಲ ಅವರ ಮೇಲೆ ಹೊರಿಸಿ ನಿದ್ದೆ ಮಾಡುತ್ತಿದ್ದೆ. ನಮ್ಮ ಬಾಗಿಲ ಮುಂದಿನ ಗುಂಡಿಯಲ್ಲಿ ಪೈಪು ಒಡೆದಿತ್ತು. ಎರಡು ವರ್ಷದ ಹಿಂದೆ, ನಳ ಎತ್ತರದಲ್ಲಿದ್ದರೆ ನೀರು ಏರುವುದಿಲ್ಲ ಎಂದು ಗುಂಡಿ ತೋಡಿ ಪೈಪು ಕೊಯ್ದವನು ನಾನೇ. ಸೋರುವ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿದವನೂ ನಾನೇ. ಟ್ಯೂಬು ಕೊಳೆತು ಹರಿದಿದೆ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಒಳಗೆ ಎಳೆಯುತ್ತದೆ ಸಾವಿತ್ರಿ. ಒಡೆದ ಕಡೆಯಿಂದ ಗಟಾರದ ನೀರೇ ಒಳಗೆ ಹೋಗುತ್ತದೆ. ನಾಲ್ಕು ದಿನ ಅಲ್ಲೇ ನಿಂತು, ಐದನೆಯ ದಿನ ನಾನು ವಾಲ್ವ್ ತಿರುಗಿಸಿದಾಗ ಎಲ್ಲಕ್ಕಿಂತ ಮೊದಲು ಅದೇ ಹೊರಗೆ ಬರುತ್ತದೆ. ನಿನ್ನ ಕೊಡಕ್ಕೆ. ಕೂಸಿನ ಕೊಡಕ್ಕೆ.

ಆ ಗಟಾರದಲ್ಲಿ ಏನಿರುತ್ತದೆ ಎಂದೂ ನಮಗೆ ಗೊತ್ತು. ಸರಕಾರ ಕಟ್ಟಿಸಿಕೊಟ್ಟ ಪಾಯಖಾನೆಯಲ್ಲಿ ನಾವು ಹತ್ತಿ ಕಟ್ಟಿಗೆ ಒಟ್ಟಿದ್ದೇವೆ, ಭಾಗಣ್ಣ ಕೋಳಿ ಕೂಡಿಹಾಕಿದ್ದಾನೆ. ಓಣಿಯ ಮಕ್ಕಳನ್ನೆಲ್ಲ ಗಟಾರದ ದಂಡೆಗೇ ಕೂರಿಸುತ್ತೇವೆ. ಯಶುವನ್ನೂ ಕೂರಿಸುತ್ತಿದ್ದೆವು. ಅವಳ ಎರಡೂ ಕೈ ಹಿಡಿದು ನಾನು ಬಗ್ಗಿ ನಿಂತರೆ, ನನ್ನ ಮೀಸೆ ನೋಡಿ ನಗುತ್ತಿದ್ದಳು.

ಅವ್ವನ ಮೇಲೂ ಸಿಟ್ಟಿದೆ, ಅವಳಿಗೆ ಹೇಳಿಯೂ ಇದ್ದೇನೆ. ಆಶಾ ಕಾರ್ಯಕರ್ತೆ ಉಮೆಸಲ್ಮಾ ಮೊದಲ ದಿನವೇ ಓಆರ್‌ಎಸ್ ಪುಡಿಯ ಪೊಟ್ಟಣ ಕೊಟ್ಟು, 'ಕಾಸಿ ಆರಿಸಿದ ನೀರಾಗ ಕಲಸಿ, ಚಮಚೆ ಚಮಚೆ ಕುಡಿಸ್ತಾ ಇರ್ರಿ, ಎದಿಹಾಲು ಬಿಡಿಸಬ್ಯಾಡ್ರಿ' ಎಂದು ಎರಡೆರಡು ಸಲ ಹೇಳಿದ್ದಳು. ಅವ್ವ ಅದನ್ನು ಗೂಡಿನಲ್ಲಿಟ್ಟಳು. 'ಭೇದಿ ಆಗೋ ಕೂಸಿಗಿ ನೀರು ಹಾಕಿದ್ರ ಮತ್ತಿಷ್ಟು ಹರೀತದ. ಹಲ್ಲು ಬರಾಕತ್ತ್ಯಾವ, ತಾನ ನಿಲ್ತದ' ಎಂದಳು. ಯಶು ಒಣಗಿದ ನಾಲಿಗೆಯಿಂದ ತುಟಿ ನೆಕ್ಕುತ್ತಾ ಕೊಡದ ಕಡೆ ಕೈ ಚಾಚುತ್ತಿದ್ದಳು. ನೀನು ಎದ್ದಾಗಲೆಲ್ಲ ಅವ್ವ ನಿನ್ನ ಕೈ ಹಿಡಿದು ಕೂರಿಸಿದಳು. ನಾನು ಅವ್ವನ ಮಾತೇ ಸರಿ ಎಂದೆ. ಆರು ಮಕ್ಕಳನ್ನು ಹೆತ್ತು ಬೆಳೆಸಿದವಳು ಎಂದುಕೊಂಡೆ. ಆರರಲ್ಲಿ ಬದುಕಿದವರು ಮೂವರು ಎಂಬುದು ನೆನಪಿಗೆ ಬರಲಿಲ್ಲ. ಮೂರನೆಯ ದಿನ ಯಶುವಿನ ಕಣ್ಣು ಗುಳಿ ಬಿದ್ದ ಮೇಲೆ ಗಾಡಿ ಹುಡುಕಲು ಹೊರಟೆ. ಸುರಪುರದ ದವಾಖಾನೆಗೆ ಹೊರಟು, ದೇವಾಪುರ ದಾಟುವುದರೊಳಗೆ ನಿನ್ನ ಮಡಿಲಲ್ಲೇ ಅವಳ ಉಸಿರು ನಿಂತಿತು. ಪೊಟ್ಟಣ ಇನ್ನೂ ಗೂಡಿನಲ್ಲೇ ಇದೆ. ಇಂದು ಅವ್ವ ಅದನ್ನು ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟಳು.

ಬಾ ಎಂದು ಕರೆಯಲು ನನಗೆ ಮುಖವಿಲ್ಲ. ಜ್ವರ ಇಳಿದ ಮೇಲೆ, ನಿನಗೆ ಮನಸ್ಸಾದರೆ ಬಾ. ಬಂದರೆ, ಬೀಗರನ್ನೆಲ್ಲ ಮತ್ತೆ ಕೂರಿಸಿ ಅಂದು ಹೇಳದೆ ಬಿಟ್ಟ ಮಾತನ್ನು ಹೇಳುತ್ತೇನೆ. ಮಾವನವರಿಗೂ ಅತ್ತೆಯವರಿಗೂ ನನ್ನ ಜೈಭೀಮ್ ತಿಳಿಸು. ತಮ್ಮನಿಗೆ, ನಿನಗೆ ನೀರು ಕಾಸಿಯೇ ಕೊಡಬೇಕೆಂದು ಹೇಳು.

ಇಂತಿ ನಿನ್ನ,
ಶ್ರೀಮಂತ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ಇಂದು ತಿಳಿದದ್ದು ಎಂಬಂತೆ ಬರೆದಿದ್ದೇನೆ. ಅದು ಸುಳ್ಳು. ಜುಲೈ ೨೩ರಂದು ನೀರು ಪರೀಕ್ಷೆಯ ಸಣ್ಣ ಬಾಟಲಿಯಲ್ಲಿ ನಮ್ಮ ಗುಂಡಿಯ ನಳದ ನೀರು ತುಂಬಿಸಿಟ್ಟಿದ್ದೆ. ನೀರು ಕೆಟ್ಟಿದ್ದರೆ ಅದು ಕರಿದಾಗುತ್ತದೆ. ಮರುದಿನ ಡಾಂಬರಿನಂತೆ ಕರಿದಾಗಿತ್ತು. ಯಶುವಿಗೆ ಭೇದಿ ಶುರುವಾಗಲು ಇನ್ನೂ ಹದಿಮೂರು ದಿನವಿತ್ತು. ಪಂಚಾಯಿತಿಯ ಅಧಿಕಾರಿಗೆ ಒಯ್ದು ತೋರಿಸಿದೆ. 'ಒಂದು ಬಾಟ್ಲಿ ಕರ್ರಗಾದ್ರ ಊರು ಸಾಯ್ತದೇನಲೇ? ಮ್ಯಾಲಿನವ್ರು ನನ್ನ ಕೇಳ್ತಾರ. ಒಗಿ ಅದನ್ನ, ನಿನ್ನ ಕೆಲಸ ಕಾಯಂ ಮಾಡೂದು ನನಗ ಬಿಡು' ಎಂದರು. ನಾನು ಒಗೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ನಿನಗೂ ಹೇಳಲಿಲ್ಲ, 'ಬಂತೇನ?' ಎಂದು ಕೂಗುತ್ತಲೇ ಇದ್ದೆ. ಅವಳು ಹೋದ ಮೇಲೂ ಎರಡು ಸಲ ನೀರು ಬಿಟ್ಟೆ. ಬಾಟಲಿ ಪಾಯಖಾನೆಯ ಕಟ್ಟಿಗೆಯ ಹಿಂದಿತ್ತು, ಈಗ ನನ್ನ ಮುಂದಿದೆ. ಬೆಳಿಗ್ಗೆ ಅದನ್ನು ಹಿಡಿದು ವಾಲ್ವಿನ ಹತ್ತಿರ ನಿಂತು, ಕೊಡ ತಂದವರಿಗೆಲ್ಲ ತೋರಿಸುತ್ತೇನೆ. ವಾಲ್ವಿನ ಚಾವಿ ಭಾಗಣ್ಣನ ಕೈಗೆ ಕೊಟ್ಟಿದ್ದೇನೆ. ಟ್ರ್ಯಾಕ್ಟರ್ ಓಡಿಸುವ ಯೂನುಸ ಶಾಲೆಯ ಬೋರಿನಿಂದ ಟ್ಯಾಂಕರಿನಲ್ಲಿ ನೀರು ತರುತ್ತಾನೆ. ನಾಳೆ ನಮ್ಮ ಓಣಿಯ ನಳಕ್ಕೆ ನೀರು ಬರುವುದಿಲ್ಲ.